ಜಾನು ಮಗಳನ್ನು ಕೇಳಲು ಹೋದದ್ದು

ಗಡಿಯಾಚೆ ಮಲಯಾಳ ಸೀಮೆಯ ಬೇಗೂರಿನ ಕಾಡಂಚಿನ ಹಾಡಿಯಲ್ಲಿದ್ದ ಜಾನುವಿಗೆ ಮಲಯಾಳ ಮಾತಾಡುತ್ತ ಬರುವವರ ಮೇಲೆ ಅಂಥ ಅನುಮಾನವಿರಲಿಲ್ಲ. ಅವರು ಸರ್ಕಾರಿ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡು ಹೊರಟುಹೋಗುತ್ತಿದ್ದರು. ಕನ್ನಡ ಮಾತಾಡುತ್ತ ಬಂದವರನ್ನು ಕಂಡರೆ ಮಾತ್ರ ಅವಳು ಮಗಳನ್ನು ಒಳಗೆ ಕರೆದು ಬಾಗಿಲು ಮುಂದಕ್ಕೆಳೆಯುತ್ತಿದ್ದಳು.

ಅದಕ್ಕೆ ಕಾರಣ ಬಸವಯ್ಯ. ಕೊಡಗಿನ ಶುಂಠಿ ಹೊಲಗಳಿಗೆ ಆಳು ಒಯ್ಯುವವನು. ಅಂಗಳದಲ್ಲಿ ಕುಳಿತು ನಮ್ಮವನೇ ಎನ್ನುವಂತೆ ಮಾತಾಡಿ, ಊಟ ಬಿಟ್ಟಿ, ಇರುವ ಜಾಗ ಬಿಟ್ಟಿ, ಜೀಪಿನಲ್ಲೇ ಕರೆದುಕೊಂಡು ಹೋಗುತ್ತೇನೆ ಎಂದು ಅವಳ ತಮ್ಮ ಬೊಮ್ಮನ್‌ನನ್ನು ಹೊರಡಿಸಿದ್ದ. ತಾಯಿ ತೀರಿಕೊಂಡ ಸುದ್ದಿ ಹೋದರೂ ಕೆಲಸ ಮುಗಿಯುವ ತನಕ ಬೊಮ್ಮನ್‌ನನ್ನು ಬಿಡಲಿಲ್ಲ. ಅವನು ಬರುವಷ್ಟರಲ್ಲಿ ಅವ್ವನನ್ನು ಹೂತ ಗುಂಡಿಯ ಮೇಲೆ ಹುಲ್ಲು ಬೆಳೆದಿತ್ತು.

ಹೀಗಿರುವಾಗ ಸುಲ್ತಾನ್ ಬತ್ತೇರಿಯಿಂದ ಜಿನಶ್ರೀ ಟೀಚರ್ ಬಂದರು. ಹಳೆಯ ಜೈನ ಮನೆತನದ ಹೆಣ್ಣುಮಗಳು, ಮನೆಮಾತು ಕನ್ನಡ.

"ಹತ್ತನೇ ಕ್ಲಾಸು ಪಾಸಾದವಳು ಈ ಹಾಡಿಯಲ್ಲಿ ನಿಮ್ಮ ಮಗಳು ಅಂಬಿಳಿ ಒಬ್ಬಳೇ, ಜಾನಕ್ಕ. ಪ್ಲಸ್ ಟೂ ಓದಲಿ. ಹಾಸ್ಟೆಲಿದೆ. ಊಟ, ಜಾಗ ಎಲ್ಲ ಬಿಟ್ಟಿ. ಕರೆದುಕೊಂಡು ಹೋಗೋಕೆ ಜೀಪು ಬರುತ್ತೆ."

ಜಾನು ಅವರನ್ನು ಮೇಲಿಂದ ಕೆಳಗೆ ನೋಡಿದಳು. "ಶುಂಠಿ ಎಲ್ಲಿ ಹಾಕಿದ್ದೀರಿ, ಟೀಚರೇ?"

"ಶುಂಠಿಯಾ? ನಮ್ಮದು ಕಾಪಿ ತೋಟ, ಜಾನಕ್ಕ."

"ಕಾಪಿ ಕುಯ್ಯೋಕೂ ಆಳು ಬೇಕಲ್ಲ."

ಅಂಬಿಳಿ ಕಂಜಿ ಮುಟ್ಟದೆ ಹಠ ಹಿಡಿದದ್ದರಿಂದ ಕೊನೆಗೆ ಜೀಪು ಹತ್ತಿಸಲೇಬೇಕಾಯಿತು. ಆಮೇಲೆ ಸಂಜೆ ಹೊತ್ತು ಫೋನು ಬರುತ್ತಿತ್ತು, ಎರಡು ಮಾತಾಡುವಷ್ಟರಲ್ಲಿ ಕಡಿಯುತ್ತಿತ್ತು. ಫೋನು ವಾರ್ಡನ್ ಕೈಯಲ್ಲಿರುತ್ತದೆ ಎಂದಳು ಮಗಳು. ಬೊಮ್ಮನ್‌ನ ಫೋನನ್ನೂ ಶುಂಠಿ ಹೊಲದಲ್ಲಿ ಮೇಸ್ತ್ರಿಯೇ ಇಟ್ಟುಕೊಂಡಿದ್ದ.

ಒಂದು ಬೆಳಿಗ್ಗೆ ಜಾನು ಯಾರಿಗೂ ಹೇಳದೆ ಬಸ್ಸು ಹತ್ತಿದಳು. ಮಾನಂದವಾಡಿಯಲ್ಲಿ ಇಳಿದು ಇನ್ನೊಂದು ಹತ್ತಿ ಬತ್ತೇರಿ ಸೇರಿದಳು. ಹಾಸ್ಟೆಲಿನ ಗೇಟಿಗೆ ಬೀಗವಿತ್ತು. ಕಿಟಕಿಯೊಳಗೆ ಸಾಲು ಮಂಚ, ಗೋಡೆಗೆ ಸಾಲು ಚೀಲ. ಶುಂಠಿ ಹೊಲದ ಆಳುಗಳು ಮಲಗುವ ಶೆಡ್ಡಿನ ಬಗ್ಗೆ ಬೊಮ್ಮನ್ ಹೇಳಿದ್ದೂ ಹೀಗೇ.

ವಾರ್ಡನ್ ಸರಿತ ಗೇಟಿನ ಬಳಿ ಬಂದು ಮಲಯಾಳದಲ್ಲಿ ವಿಚಾರಿಸಿದಳು.

"ಮಗಳನ್ನು ಕರೆದುಕೊಂಡು ಹೋಗ್ಬೇಕು," ಎಂದಳು ಜಾನು.

"ಏನಾಯಿತು ಚೇಚಿ? ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲವಾ?"

"ಏನೂ ಆಗಿಲ್ಲ. ನನ್ನ ಮಗಳು, ಕರೆದುಕೊಂಡು ಹೋಗ್ತೇನೆ."

"ನಾಳೆ ಪರೀಕ್ಷೆ ಇದೆ. ಕಾರಣ ಹೇಳದೆ ಹೇಗೆ ಬಿಡಲಿ?"

ಜಾನು ಗೇಟಿನ ಸರಳು ಹಿಡಿದು ನಿಂತಳು. ಇದನ್ನೇ ಕಾಯುತ್ತಿದ್ದೆ ಎನ್ನುವ ಹಾಗಿತ್ತು ಅವಳ ಮುಖ. ಸರಿತ ಫೋನು ಮಾಡಿದ್ದಕ್ಕೆ ಜಿನಶ್ರೀ ಟೀಚರ್ ಶಾಲೆಯಿಂದ ಏದುಸಿರು ಬಿಡುತ್ತ ಬಂದರು. ಜಾನುವಿನ ಮುಖವನ್ನೊಮ್ಮೆ, ಸರಳಿನ ಮೇಲಿನ ಅವಳ ಕೈಯನ್ನೊಮ್ಮೆ ನೋಡಿದರು.

"ಕಾರಣ ಕೇಳಬೇಡಿ ಸರಿತ. ತಾಯಿ ಬಂದಿದ್ದಾರೆ, ಕಳಿಸಿ."

ಅಂಬಿಳಿ ಚೀಲ ಹೊತ್ತು, ಮುಖ ಊದಿಸಿಕೊಂಡು ಹೊರಗೆ ಬಂದಳು. ಬಸ್ ನಿಲ್ದಾಣದವರೆಗೂ ತಾಯಿಗಿಂತ ಹತ್ತು ಹೆಜ್ಜೆ ಮುಂದೆ ನಡೆದಳು. ಜಾನು ಮಾತ್ರ ಮತ್ತೆ ಮತ್ತೆ ಹಿಂದಿರುಗಿ ನೋಡುತ್ತಿದ್ದಳು.

"ಯಾರೂ ಹಿಂದೆ ಬರಲಿಲ್ಲವಲ್ಲ."

"ಯಾರು ಬರ್ಬೇಕಿತ್ತು, ಅವ್ವ? ನಿನಗೆ ಮರ್ಯಾದೆ ತೆಗೆಯೋದೇ ಕೆಲಸ."

ಮಾನಂದವಾಡಿ ಬಸ್ಸು ಬಂತು, ಹೊರಟೂ ಹೋಯಿತು. ಜಾನು ಹತ್ತಲಿಲ್ಲ. ಪಕ್ಕದ ಅಂಗಡಿಯಲ್ಲಿ ಮಗಳಿಗೆ ಚಾಯ ಕೊಡಿಸಿದಳು.

"ಕುಡಿದು ಹೋಗು."

"ಎಲ್ಲಿಗೆ?"

"ಅಲ್ಲಿಗೇ. ನಾಳೆ ಪರೀಕ್ಷೆ ಅಂದ್ರಲ್ಲ."

ಅಂಬಿಳಿ ಗ್ಲಾಸು ಕೆಳಗಿಡದೆ ತಾಯಿಯನ್ನೇ ನೋಡಿದಳು. "ಹಾಗಾದ್ರೆ ಯಾಕೆ ಬಂದೆ?"

"ಬಿಡ್ತಾರಾ ಅಂತ ನೋಡೋಕೆ."

ಆಮೇಲೂ ಜಾನು ಬತ್ತೇರಿಗೆ ಹೋಗುವುದನ್ನು ನಿಲ್ಲಿಸಲಿಲ್ಲ. ಮಗಳು ಪ್ಲಸ್ ಟೂ ಮುಗಿಸುವವರೆಗೆ, ತೋಚಿದಾಗಲೆಲ್ಲ ಹೇಳದೆ ಕೇಳದೆ ಹೋಗಿ ಗೇಟಿನ ಮುಂದೆ ನಿಲ್ಲುತ್ತಿದ್ದಳು. ಅವಳನ್ನು ದೂರದಿಂದ ಕಂಡರೆ ಸಾಕು, ಸರಿತ ಬೀಗದ ಕೈ ತರುತ್ತಿದ್ದಳು. ಹಾಡಿಯ ಬೇರೆ ತಾಯಂದಿರು ಹೆಣ್ಣುಮಕ್ಕಳನ್ನು ಕಳಿಸುವ ಮುಂಚೆ ಟೀಚರನ್ನು ಕೇಳುತ್ತಿರಲಿಲ್ಲ, ಜಾನುವಿನ ಅಂಗಳಕ್ಕೆ ಬರುತ್ತಿದ್ದರು.

"ಕೇಳಿದಾಗ ಬಿಡ್ತಾರಾ, ಜಾನಕ್ಕ?"

"ಇಲ್ಲಿವರೆಗೆ ಬಿಟ್ಟಿದ್ದಾರೆ," ಎನ್ನುತ್ತಿದ್ದಳು ಜಾನು. "ನೀನೂ ಹೋಗಿ ಕೇಳಿ ನೋಡು."