ಫಾರ್ವರ್ಡ್ ಆಟಗಾರನ ಹೆಂಡತಿ

ಒಲ್ಯಾಂವ್ ಊರಿನ ಫುಟ್‌ಬಾಲ್ ಕ್ಲಬ್ಬಿನ ಫಾರ್ವರ್ಡ್ ಆಟಗಾರ ಅನ್ಸೆಲ್ಮುವಿನ ಹೆಂಡತಿ ಒಟೀಲಿಯಾ ಬೆಳಗಿನ ಕೆಲಸವನ್ನೆಲ್ಲ ಮೆಟ್ಟಿಲ ಕಡೆ ಕಿವಿಯಿಟ್ಟೇ ಮಾಡುತ್ತಾಳೆ. ಗಂಡ ಮೆಟ್ಟಿಲು ಮೆಟ್ಟಿಲಿಗೂ ಎರಡು ಕಾಲೂರಿ ಇಳಿದರೆ ಮಂಡಿ ಊದಿದೆಯೆಂದೇ ಲೆಕ್ಕ. ಮೂವತ್ನಾಲ್ಕು ದಾಟಿದವನ ಮಂಡಿನೋವು ಕ್ಲಬ್ಬಿನವರಿಗೆ ಗೊತ್ತಾದರೆ ಮುಂದಿನ ವರ್ಷ ಅವನಿಗೆ ಕೆಲಸವಿಲ್ಲ. ಅದಕ್ಕೇ ಅವಳ ಫ್ರೀಜರಿನಲ್ಲಿ ಮೀನಿಗೂ ಜಾಗವಿಲ್ಲದಷ್ಟು ಬಟಾಣಿ ಪೊಟ್ಟಣಗಳು. "ಇಷ್ಟು ಬಟಾಣಿ ಇದ್ರೂ ಒಂದಿನ ಸೂಪ್ ಮಾಡಲ್ವಲ್ಲೇ" ಎಂದು ಅತ್ತೆ ಗೊಣಗಿದರೆ, "ಅದು ನಿಮ್ಮ ಮಗ ತಿನ್ನೋದಲ್ಲ ಅತ್ತೆ, ಊತ ಇಳಿಯೋಕೆ ಮಂಡಿಗೆ ಕಟ್ಕೊಳ್ಳೋದು" ಎನ್ನುತ್ತಾಳೆ. ಅವನಿಗೆ ಎಣ್ಣೆಯಿಲ್ಲದ ಅಡುಗೆ ಬೇರೆ ಬೇಯಿಸುವವಳು, ಮಧ್ಯಾಹ್ನ ಅವನು ಮಲಗಲೆಂದು ಮಕ್ಕಳ ಬಾಯಿ ಮುಚ್ಚಿಸುವವಳು, ಬೂಟಿನ ಕೆಸರು ಕೆರೆಯುವವಳು ಅವಳೇ. "ನನ್ನ ಮೈನ ನಾನೇ ಕಾಪಾಡ್ಕೊಂಡು ಬಂದಿದೀನಿ" ಎಂದು ಪತ್ರಿಕೆಯವರಿಗೆ ಹೇಳುವವನು ಮಾತ್ರ ಅವನು. ಇವತ್ತು ಕ್ಲಬ್ಬಿನ ಡಾಕ್ಟರು ಅವನನ್ನು ಓಡಿಸಿ ನೋಡುವ ದಿನ. ನಿನ್ನೆ ಸಂಜೆ ಬ್ರೆಡ್ಡಿನ ಹಾಗೆ ಊದಿದ್ದ ಮಂಡಿಯವನು ಈಗ ಹುಡುಗನಂತೆ ದಡದಡ ಇಳಿದು ಬಂದ. "ನೋಡಿದ್ಯಾ, ಒಂಚೂರೂ ನೋವಿಲ್ಲ." ಮಂಡಿಯ ಪಕ್ಕದಲ್ಲಿ ಸೂಜಿ ಚುಚ್ಚಿದ ಕೆಂಪು ಗುರುತಿತ್ತು. "ಯಾರು ಚುಚ್ಚಿದ್ದು?" ಎಂದಳು. ಅವನು ಕಾಫಿ ಲೋಟದೊಳಗೆ ಮುಖವಿಟ್ಟ. ಮದ್ದು ಚುಚ್ಚಿ ಮರಗಟ್ಟಿಸಿದ ಆ ಮಂಡಿ ಇನ್ನು ಮುರಿಯುವಾಗಲೂ ಅವನಿಗೇ ಗೊತ್ತಾಗುವುದಿಲ್ಲ.