ಬಾಗಿಲ ತೂತಿನಲ್ಲಿ ಬಂದ ಬೀದಿ

ಗೆಳೆಯರೇ, ದಿನಕ್ಕೊಂದು ಹಳೇ ಬಾಗಿಲಿನ ಫೋಟೋ ತೆಗೆಯುವುದು ನನಗೆ ನಾನೇ ಹಾಕಿಕೊಂಡ ಸವಾಲು. ಇವತ್ತು ಬೆಳಿಗ್ಗೆ ಪುಣೆಯ ಸದಾಶಿವ ಪೇಠದಲ್ಲಿ ಒಂದು ಬಾಗಿಲ ಮುಂದೆ ಕ್ಯಾಮೆರಾ ಹಿಡಿದು ನಿಂತಿದ್ದೆ. ಒಳಗಿನಿಂದ ಮರಾಠಿಯಲ್ಲಿ ಯಾರೋ ಗದರಿದರು, “ಬಾಜೂಲಾ ವ್ಹಾ!”

“ಅಯ್ಯೋ ದೇವರೇ” ಎನ್ನುತ್ತ ಪಕ್ಕಕ್ಕೆ ಸರಿದೆ. ಅಜ್ಜಿಯೊಬ್ಬರು ಬಾಗಿಲು ತೆರೆದರು.

“ಕನ್ನಡದವರೇನ್ರಿ? ಒಳಗ ಬರ್ರಿ. ತೂತಿಗೆ ಅಡ್ಡ ನಿಂತಿದ್ರಿ, ನನಗೇನೂ ಕಾಣವಲ್ದಾಗಿತ್ತು.”

ನಾನು ಒಳಹೋದೊಡನೆ ಬಾಗಿಲು ಮುಚ್ಚಿದರು. ಕತ್ತಲೆ ಕೋಣೆ. ಬಾಗಿಲಿನ ಸಣ್ಣ ತೂತಿನಿಂದ ಬಂದ ಬೆಳಕು ಎದುರು ಗೋಡೆಯ ಮೇಲೆ ಇಡೀ ಬೀದಿಯನ್ನೇ ತಲೆಕೆಳಗಾಗಿ ಮೂಡಿಸಿತ್ತು. ಸ್ಕೂಟರು, ರಿಕ್ಷಾ, ಹೂ ಮಾರುವವಳ ಹಸಿರು ಸೀರೆ ಎಲ್ಲವೂ ಬಣ್ಣಬಣ್ಣವಾಗಿ ಚಲಿಸುತ್ತಿದ್ದವು!

“ಬಿಸಿಲಿದ್ರ ದಿನಾ ಹಿಂಗ ಕಾಣ್ತದ್ರಿ. ಭಾಳ ಚಂದ, ಹೌದಲ್ರಿ?”

ಹೌದೆನ್ನುತ್ತ ನಾನು ಕ್ಯಾಮೆರಾವನ್ನು ಗೋಡೆಯತ್ತ ತಿರುಗಿಸಿದೆ.

ಪುಣೆಯಲ್ಲಿ ಯಾರಾದರೂ ಗದರಿದರೆ ಇನ್ನುಮೇಲೆ ನಾನು ಓಡಿಹೋಗುವುದಿಲ್ಲ. ಒಳಗೇನು ನಡೆಯುತ್ತಿದೆ ಎಂದು ಕೇಳುತ್ತೇನೆ.