ಐದು ಮೊಳದ ಚಕ್ರ

"ಆವಯ್ಯನ ಗಾಡಿಗೆ ನಾಲ್ಕು ಚಕ್ರಕ್ಕೂ ಬಲ ಐತೆ ಕಣ್ರಪ್ಪಾ. ಒಂದೊಂದು ಚಕ್ರ ಒಂದೊಂದು ಊರಿಗೆ ಎಳೀತದೆ!" ಬಾಗಲಗುಂಟೆಯ ಹಳೇ ಬೀದಿಯವರು ಅಶ್ವತ್ಥಪ್ಪನ ಬಗ್ಗೆ ಹೀಗೆ ಆಡಿಕೊಳ್ಳುತ್ತಿದ್ದರು. ಸುಳ್ಳೇನಲ್ಲ. ಆಲ್ ವೀಲ್ ಡ್ರೈವ್ ಅಂತ ಎದೆಯುಬ್ಬಿಸಿ ತಂದ ಆ ಸೆಕೆಂಡ್ ಹ್ಯಾಂಡ್ ಗಾಡಿ, ಸ್ಟೇರಿಂಗ್ ಪೂರ್ತಿ ತಿರುಗಿಸಿದರೆ ಸಾಕು, ಕಟಕಟ ಹಲ್ಲು ಕಡಿದು ಮೊಂಡು ಎತ್ತಿನಂತೆ ನಡುಬೀದಿಯಲ್ಲಿ ಕಾಲೂರುತ್ತಿತ್ತು. ಸ್ಟೇರಿಂಗ್ ಹಿಂದೆ ಎಚ್ಚರಿಕೆಯ ಹಳದಿ ದೀಪ ಬೇರೆ, ಆರುವುದೇ ಇಲ್ಲ.

ಮನೆಯನ್ನು ಬಿಲ್ಡರಿಗೆ ಕೊಟ್ಟಾಗಿತ್ತು. ಸೋಮವಾರ ಸಂಸಾರ ಮಾಕಳಿಯ ಬಾಡಿಗೆ ಮನೆಗೆ, ಮಂಗಳವಾರ ಹಳೇ ಮನೆ ನೆಲಕ್ಕೆ.

"ಭಾವ, ಟೋಯಿಂಗ್ ಗಾಡಿಗೆ ಹೇಳ್ಬಿಡ್ಲಾ?" ಎಂದ ಬಾಮೈದ ಮುನಿರತ್ನ.

"ಮುಚ್ಚೋ ಬಾಯಿ! ನಮ್ಮ ತಾತ ಈ ಬಾಗಿಲಿಂದ ಎತ್ತಿನ ಗಾಡಿ ಹೊಡ್ದ. ನಮ್ಮಪ್ಪ ಟ್ರ್ಯಾಕ್ಟರ್ ಹೊಡ್ದ. ನಾನು ಸತ್ತ ದನದಂಗೆ ಎಳಿಸ್ಕೊಂಡು ಓಗ್ಲಾ, ಊರೆಲ್ಲ ನೋಡೋ ಅಂಗೆ?"

"ಮೆಕ್ಯಾನಿಕ್‌ಗಾದ್ರೂ ತೋರ್ಸಿ."

"ಎಂಟು ವರ್ಸಕ್ಕೇ ಟ್ರ್ಯಾಕ್ಟರ್ ಗೇರ್ ಹಾಕ್ದೋನು ನಾನು. ನನಗೇ ಮೆಕ್ಯಾನಿಕ್ಕಾ?"

ಅಲ್ಲಿಗೆ ಅಂಗಳವೇ ಗ್ಯಾರೇಜಾಯಿತು. ಗಾಡಿಯನ್ನು ಜಾಕಿಯಲ್ಲಿ ಎತ್ತಿ ಸೈಜುಗಲ್ಲುಗಳ ಮೇಲೆ ಕೂರಿಸಿದ. ನಾಲ್ಕು ಚಕ್ರವೂ ಗಾಳಿಯಲ್ಲಿ. ಫೋನಿನ ವೀಡಿಯೊದಲ್ಲಿ ಯಾವ ದೇಶದವನೋ ಅರ್ಥವಾಗದ ಭಾಷೆಯಲ್ಲಿ ಹೇಳಿದ್ದಕ್ಕೆಲ್ಲ ಇವನು ತಲೆಯಾಡಿಸಿದ. ಫ್ಯೂಸ್ ಬದಲಾಯಿಸಿದ. ಹಿಂದಿನ ಗೇರ್ ಆಯಿಲ್ ಸುರಿದು ಹೊಸದು ತುಂಬಿದ. ಚಕ್ರದ ವೇಗ ಅಳೆಯುವ ಸೆನ್ಸರ್‌ಗಳನ್ನು ಕಳಚಿ, ಹೆಂಡತಿಯ ಹುಣಸೆಹಣ್ಣಿನಲ್ಲಿ ಹಿತ್ತಾಳೆ ದೀಪ ಉಜ್ಜಿದಂತೆ ಉಜ್ಜಿದ. ಆದರೂ ಹಳದಿ ದೀಪ ಆರಲಿಲ್ಲ. ಕೊನೆಗೆ ಹೆಂಡತಿಯ ಸ್ಟಿಕ್ಕರ್ ಬಿಂದಿಯೊಂದನ್ನು ಕಿತ್ತು ದೀಪದ ಮೇಲೆ ಅಂಟಿಸಿದ.

"ನೋಡು, ಈಗ ಮುತ್ತೈದೆ ತರ ಕಾಣ್ತದೆ!"

"ಗಾಡಿಗೆ ಬಂದ ಕಾಯಿಲೆ ಬೊಟ್ಟಿಟ್ರೆ ಹೋಗುತ್ತಾ?" ಎಂದಳು ಸುಬ್ಬಲಕ್ಷ್ಮಮ್ಮ. ಯಾರೂ ಕೇಳಿಸಿಕೊಳ್ಳಲಿಲ್ಲ. ಆ ಮನೆಯಲ್ಲಿ ಅವಳ ಮಾತು ಒಲೆಯ ಹೊಗೆಯಂತೆ, ಇದೆ ಅಂತ ಎಲ್ಲರಿಗೂ ಗೊತ್ತು, ಲೆಕ್ಕಕ್ಕಿಲ್ಲ.

ಭಾನುವಾರ ಬೆಳಿಗ್ಗೆ ಮನೆ ಬಿಡುವ ಮುಂಚಿನ ಪೂಜೆ. "ನಾಲ್ಕು ಚಕ್ರಕ್ಕೂ ಬಲ ಇರೋ ಗಾಡಿ, ನಾಲ್ಕಕ್ಕೂ ಹಾರ ಕಟ್ಟು" ಅಂತ ಗಂಡನ ಹುಕುಂ. ಅವಳು ಸೇವಂತಿಗೆಯನ್ನು ಮೊಳ ಹಾಕಿ ಹಾಕಿ, ಒಂದೊಂದು ಐದು ಮೊಳದಂತೆ ನಾಲ್ಕು ಸರ ಕಟ್ಟಿದಳು. ಮುಂದಿನ ಚಕ್ರಗಳಿಗೆ ಸುತ್ತಿದರೆ ಅಳೆದಿಟ್ಟಂತೆ ಕೂತವು. ಹಿಂದಿನವಕ್ಕೆ ಒಂದು ಗೇಣು ಕಡಿಮೆ.

"ಏನಕ್ಕಾ, ದೇವರ ಹೂವಲ್ಲೂ ಮೋಸಾನಾ?" ಮುನಿರತ್ನ ನಕ್ಕ.

"ನಲವತ್ತು ವರ್ಷದಿಂದ ಹೂ ಕಟ್ತಿದೀನಿ. ನನ್ನ ಮೊಳ ಕುಗ್ಗಿಲ್ಲ. ಚಕ್ರ ಬೆಳೆದಿದೆ." ಅವಳು ಗಂಡನ ಕಡೆ ತಿರುಗಿದಳು. "ರೀ, ಯುಗಾದೀಲಿ ಹಿಂದಿನ ಎರಡು ಚಕ್ರ ಬದಲಾಯಿಸಿದ್ರಲ್ಲಾ, ಅಳತೆ ನೋಡಿದ್ರಾ?"

"ನೋಡೋದೇನು? ಗುಜರಿಯಿಂದ ರಿಮ್ಮು ಸಮೇತ ಬೇಕಂತಲೇ ದೊಡ್ಡದು ತಂದೆ. ಟ್ರ್ಯಾಕ್ಟರ್‌ಗೂ ಇಂದ್ಗಡೆ ಚಕ್ರ ದೊಡ್ಡದೇ ಅಲ್ವಾ? ಬಲ ಇಂದ್ಗಡೆಯಿಂದ ಬರ್ಬೇಕು!"

ಮುನಿರತ್ನ ಹಣೆ ಚಚ್ಚಿಕೊಂಡ. "ಭಾವ! ಟ್ರ್ಯಾಕ್ಟರ್ ಮಾಡೋವಾಗ್ಲೇ ಅದಕ್ಕೆ ಲೆಕ್ಕ ಹಾಕಿರ್ತಾರೆ. ಇದಕ್ಕೆ ನಾಲ್ಕೂ ಒಂದೇ ಸಮ ಇರ್ಬೇಕು. ಚಿಕ್ಕ ಚಕ್ರ ಜಾಸ್ತಿ ಸುತ್ತು ಸುತ್ತುತ್ತೆ, ದೊಡ್ಡದು ಕಡಿಮೆ. ಗಾಡಿ ಜಾರ್ತಿದೀನಿ ಅನ್ಕೊಂಡು ಗಾಬರಿ ಬೀಳುತ್ತೆ."

"ಒಂದೇ ನೊಗಕ್ಕೆ ಎತ್ತನ್ನೂ ಕರುವನ್ನೂ ಕಟ್ಟಿದೀರಿ," ಎಂದಳು ಸುಬ್ಬಲಕ್ಷ್ಮಮ್ಮ.

ಹಳೇ ಚಕ್ರಗಳೆಲ್ಲಿ? ಎದುರುಮನೆ ದ್ರೌಪದಮ್ಮನ ಹಿತ್ತಲಲ್ಲಿ. ಯುಗಾದಿಯಂದು ಧರ್ಮಪ್ರಭುವಿನಂತೆ ತಾನೇ ದಾನ ಕೊಟ್ಟದ್ದು. ಈಗ ಅವುಗಳಲ್ಲಿ ಮಣ್ಣು ತುಂಬಿ, ಕೊತ್ತಂಬರಿ ಎದ್ದು ನಿಂತಿದೆ. ಅಶ್ವತ್ಥಪ್ಪ ಅಂಗಳದಲ್ಲಿ ಮೂರು ಸಲ ಅಡ್ಡಾಡಿದ. ಬೀದಿ ನೋಡಿದ, ಗಾಡಿ ನೋಡಿದ, ಬಾಮೈದನ ಕೈಯಲ್ಲಿದ್ದ ಫೋನು ನೋಡಿದ. ಆಮೇಲೆ ಕೊತ್ತಂಬರಿಗೊಂದು ಪ್ಲಾಸ್ಟಿಕ್ ಟಬ್ ಹಿಡಿದು ಎದುರುಮನೆಗೆ ನಡೆದ.

"ಏನ್ ಅಶ್ವತ್ಥಪ್ನೋರೇ, ನಾಲ್ಕು ಚಕ್ರಕ್ಕೂ ಬಲ ಇರೋರು! ನನ್ನ ಕೊತ್ತಂಬರಿ ಬುಡಕ್ಕೇ ಕೈ ಹಾಕ್ತೀರಾ?"

"ತಪ್ಪಾಯ್ತು" ಎಂದ ಅಶ್ವತ್ಥಪ್ಪ, ತಲೆ ಬಗ್ಗಿಸಿ ಮಣ್ಣು ಬಗೆಯುತ್ತಾ. ಹುಟ್ಟಿದ ಮೇಲೆ ಮೊದಲನೇ ಸಲ ಆಡಿದ ಮಾತದು. ದ್ರೌಪದಮ್ಮನಿಗೆ ಹೇಳಿದ್ದೋ ಕೊತ್ತಂಬರಿಗೋ, ಇವತ್ತಿಗೂ ಬೀದಿಯಲ್ಲಿ ತೀರ್ಮಾನವಾಗಿಲ್ಲ.

ಸೋಮವಾರ ಬೀದಿಯೆಲ್ಲ ಗೇಟಿನ ಮುಂದೆ ನಿಂತಿತ್ತು, ಮುನಿರತ್ನ ಟೋಯಿಂಗ್‌ನವರಿಗೆ ಹೇಳಲು ಫೋನು ಹಿಡಿದೇ ಇದ್ದ. ಹಳೇ ಚಕ್ರಗಳನ್ನು ಹಿಂದೆ ಕೂರಿಸಿ, ಗಾಡಿ ಹಳೇ ದೂರು ಮರೆಯಲೆಂದು ಬ್ಯಾಟರಿ ತಂತಿ ಬಿಚ್ಚಿ ಮತ್ತೆ ಹಾಕಿಯಾಗಿತ್ತು. ಅಶ್ವತ್ಥಪ್ಪ ಒಂದು ಸಲ ಹೊಸ್ತಿಲು ಮುಟ್ಟಿ ನಮಸ್ಕರಿಸಿ, ಬಂದು ಕೂತು ಸ್ಟೇರಿಂಗ್ ಪೂರ್ತಿ ತಿರುಗಿಸಿದ. ಚಕ್ರಗಳಡಿ ಇಟ್ಟಿದ್ದ ನಾಲ್ಕು ನಿಂಬೆಹಣ್ಣು ಪಚಕ್ಕೆಂದವು. ಕಟಕಟವಿಲ್ಲ. ಗಾಡಿ ಬೆಣ್ಣೆಯಂತೆ ಬೀದಿಗೆ ಇಳಿಯಿತು. ಪಕ್ಕದ ಸೀಟಿನಲ್ಲಿದ್ದ ಸುಬ್ಬಲಕ್ಷ್ಮಮ್ಮ ಬಗ್ಗಿ ಬಿಂದಿ ಕಿತ್ತಳು: ದೀಪ ಆರಿತ್ತು. ಬಿಂದಿಯನ್ನು ತನ್ನ ಹಣೆಗೇ ಇಟ್ಟುಕೊಂಡಳು.

ಅಶ್ವತ್ಥಪ್ಪ ಕಿಟಕಿಯಿಂದ ಕತ್ತು ಚಾಚಿದ. "ನೋಡ್ದೇನ್ಲಾ ಮುನಿರತ್ನ! ಹುಣಸೆಹಣ್ಣು ಈಗ ಕೆಲಸ ಮಾಡ್ತಾ ಐತೆ!"

ಸುಬ್ಬಲಕ್ಷ್ಮಮ್ಮ ಸೀಟ್ ಬೆಲ್ಟ್ ಹಾಕಿಕೊಂಡಳು, ಅಷ್ಟೇ.

"ಬರ್ತೀವಿ ದ್ರೌಪದಮ್ಮಾ" ಎಂದ ಅವನು, ನಾಳೆ ಇರದ ಮನೆಯ ಮುಂದೆ, ಅಭ್ಯಾಸಬಲದಿಂದ.

"ಬನ್ನಿ ಬನ್ನಿ. ಬರೋವಾಗ ನನ್ನ ಟೈರ್ ತನ್ನಿ!"